ಗಣಕ ಬರೆದ ಗಾಜಿನಲ್ಲಿ ಯಾವ ಊರಿನ ಆಕಾಶ?

ಕಟ್ಟಡ ಇನ್ನೂ ಪಾಯದ ಮಟ್ಟದಲ್ಲಿರುವಾಗಲೇ ಅದರ ವರ್ಣಚಿತ್ರ ಪತ್ರಿಕೆಯ ಪುಟ ತುಂಬಿರುತ್ತದೆ. ಹದಿನೆಂಟು ಅಂತಸ್ತು, ಮುಂಬದಿಗೆ ನೆಲದಿಂದ ತಾರಸಿಯವರೆಗೆ ಗಾಜು, ಗಾಜಿನ ಮೇಲೆ ತಿಳಿನೀಲಿ ಆಕಾಶ, ಅಲ್ಲಲ್ಲಿ ಬಿಳಿಮೋಡ. ಒಳಪುಟ ತೆರೆದರೆ ಮುಖ ಕಾಣುವಷ್ಟು ಹೊಳೆಯುವ ನೆಲ, ಉಕ್ಕಿನ ನಲ್ಲಿ, ಕಪ್ಪು ಗ್ರಾನೈಟಿನ ಅಡುಗೆ ಕಟ್ಟೆ. ಇವು ಯಾವ ಛಾಯಾಗ್ರಾಹಕನೂ ತೆಗೆದ ಚಿತ್ರಗಳಲ್ಲ. ಗಣಕಯಂತ್ರ ಲೆಕ್ಕ ಹಾಕಿ ಬರೆದವು. ವೃತ್ತಿಯವರು ಇದನ್ನು ರೆಂಡರಿಂಗ್ ಎನ್ನುತ್ತಾರೆ. ಮನೆ ಕಟ್ಟಿಸುವವರ ಬಾಯಲ್ಲಿ ಇದು ಬರೀ ‘ತ್ರೀಡಿ’.

ಇಂಥ ಚಿತ್ರದಲ್ಲಿ ಎಲ್ಲಕ್ಕಿಂತ ಕಷ್ಟದ ಭಾಗವೆಂದರೆ ಹೊಳೆಯುವ ಮೇಲ್ಮೈ. ಸುಣ್ಣ ಬಳಿದ ಗೋಡೆಗೆ ಒಂದು ಬಣ್ಣ ಆಯ್ದುಕೊಟ್ಟರೆ ಅದು ಬಹುಪಾಲು ಗೋಡೆಯಂತೆಯೇ ಕಾಣುತ್ತದೆ. ಗಾಜು, ಲೋಹ, ನೀರು, ಪಾಲಿಶ್ ಮಾಡಿದ ಕಲ್ಲು ಹಾಗಲ್ಲ. ಅವು ತಮ್ಮನ್ನು ತೋರಿಸುವುದಕ್ಕಿಂತ ಹೆಚ್ಚಾಗಿ ತಮ್ಮ ನೆರೆಹೊರೆಯನ್ನು ತೋರಿಸುತ್ತವೆ. ಆದ್ದರಿಂದ ಹೊಳಪನ್ನು ನಂಬುವಂತೆ ಚಿತ್ರಿಸಬೇಕಾದರೆ ವಸ್ತುವನ್ನಷ್ಟೇ ಚಿತ್ರಿಸಿದರೆ ಸಾಲದು, ಅದರ ಸುತ್ತಲಿನ ಜಗತ್ತನ್ನೂ ಕಟ್ಟಬೇಕು. ಆ ಜಗತ್ತನ್ನು ಚಿತ್ರಕಾರ ಎಲ್ಲಿಂದ ತಂದ ಎಂಬುದರಲ್ಲಿ ಚಿತ್ರದ ನಿಜವೂ ಸುಳ್ಳೂ ಅಡಗಿರುತ್ತವೆ. ಈ ಕೆಲಸ ಕಲಿಯಹೊರಟವರಿಗಷ್ಟೇ ಅಲ್ಲ, ಇಂಥ ಚಿತ್ರ ನೋಡಿ ಮುಂಗಡ ಹಣ ಕೊಡಲು ಹೊರಟವರಿಗೂ ಇದರ ಒಳಗುಟ್ಟು ತಿಳಿದಿರುವುದು ಒಳಿತು.

ಖಾಲಿ ಜಗತ್ತಿನಲ್ಲಿ ಕನ್ನಡಿ ಕಪ್ಪು

ಬ್ಲೆಂಡರ್, ತ್ರೀಡಿಎಸ್ ಮ್ಯಾಕ್ಸ್ ಮುಂತಾದ ತಂತ್ರಾಂಶಗಳನ್ನು ಮೊದಲ ಬಾರಿಗೆ ತೆರೆದವರು ಸಾಮಾನ್ಯವಾಗಿ ಮಾಡುವ ಪ್ರಯೋಗವೊಂದಿದೆ. ಒಂದು ಗೋಲವನ್ನು ಇಟ್ಟು, ಅದಕ್ಕೆ ಲೋಹದ ಗುಣ ಕೊಟ್ಟು, ಹೊಳಪನ್ನು ಗರಿಷ್ಠಕ್ಕೆ ಏರಿಸಿ, ಚಿತ್ರ ಬರೆಯುವಂತೆ ಗಣಕಕ್ಕೆ ಆಜ್ಞೆ ಕೊಡುತ್ತಾರೆ. ಕನ್ನಡಿಯಂಥ ಚೆಂಡು ಬರಬೇಕಾದ ಜಾಗದಲ್ಲಿ ಮಂಕು ಬೂದಿಯ, ಇಲ್ಲವೇ ಕಡುಕಪ್ಪಿನ ಉಂಡೆ ಬರುತ್ತದೆ. ತಂತ್ರಾಂಶದ ದೋಷವೇನೂ ಇಲ್ಲಿಲ್ಲ. ಸುತ್ತಲೂ ಏನೂ ಇಲ್ಲದ ಲೋಕದಲ್ಲಿ ಕನ್ನಡಿ ತೋರಿಸಬೇಕಾದದ್ದೂ ಏನೂ ಇಲ್ಲ. ಅದು ಶೂನ್ಯವನ್ನು ನಿಷ್ಠೆಯಿಂದ ಪ್ರತಿಫಲಿಸಿದೆ, ಅಷ್ಟೆ.

ಈ ಕೊರತೆಗೆ ಪರಿಹಾರವೊಂದನ್ನು ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಬಳಗಕ್ಕೆ ಸೇರಿದ ಜೇಮ್ಸ್ ಬ್ಲಿನ್ ಮತ್ತು ಮಾರ್ಟಿನ್ ನ್ಯೂವೆಲ್ 1976ರಲ್ಲಿ ಪ್ರಕಟಿಸಿದರು. ಸುತ್ತಲಿನ ಪರಿಸರವನ್ನೆಲ್ಲ ಒಂದೇ ಚಿತ್ರವನ್ನಾಗಿ ಮಾಡಿ, ಅದನ್ನು ವಸ್ತುವಿನ ಸುತ್ತ ಬಹುದೂರದ ಗುಮ್ಮಟದಂತೆ ಹೊದಿಸುವುದು. ಮೇಲ್ಮೈಯ ಪ್ರತಿ ಬಿಂದುವಿನಿಂದ ನೋಟ ಯಾವ ದಿಕ್ಕಿಗೆ ಪುಟಿದು ಹೋಗುತ್ತದೆಂದು ಲೆಕ್ಕ ಹಾಕಿ ಗುಮ್ಮಟದ ಆ ಭಾಗದ ಬಣ್ಣವನ್ನು ಎತ್ತಿಕೊಳ್ಳುವುದು. ಈ ವಿಧಾನವನ್ನು ತೋರಿಸಲು ಅವರು ಬಳಸಿದ್ದು ಚಹಾ ಪಾತ್ರೆಯೊಂದರ ಮಾದರಿ. ನ್ಯೂವೆಲ್ ಅವರು ಹಿಂದಿನ ವರ್ಷ ರೂಪಿಸಿದ್ದ ಈ ಚಹಾ ಪಾತ್ರೆ ಮುಂದೆ ಗಣಕಚಿತ್ರ ಕ್ಷೇತ್ರದ ಲಾಂಛನವೇ ಆಗಿಹೋಯಿತು. ಮೂಲ ಪಾತ್ರೆ ಈಗ ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಇತಿಹಾಸ ವಸ್ತುಸಂಗ್ರಹಾಲಯದಲ್ಲಿದೆ. 1991ರ ‘ಟರ್ಮಿನೇಟರ್ 2’ ಚಿತ್ರದಲ್ಲಿ ದ್ರವಲೋಹದ ಖಳನಾಯಕ ನೆಲದಿಂದ ಎದ್ದು ಬರುವುದನ್ನು ಕಂಡು ಬೆರಗಾದವರಿಗೆಲ್ಲ ಈ ಗುಮ್ಮಟ ತಂತ್ರದ ಪರಿಚಯ ಅರಿವಿಲ್ಲದೆಯೇ ಆಗಿದೆ.

ಆದರೆ ಗುಮ್ಮಟಕ್ಕೆ ಅಂಟಿಸಿದ ಸಾಮಾನ್ಯ ಛಾಯಾಚಿತ್ರದಲ್ಲಿ ಬೆಳಕಿನ ವ್ಯಾಪ್ತಿ ಸಾಲದು. ಅಂಥ ಚಿತ್ರದಲ್ಲಿ ಪ್ರತಿ ಮೂಲವರ್ಣಕ್ಕೆ ಕಪ್ಪಿನಿಂದ ಬಿಳುಪಿನವರೆಗೆ 256 ಮೆಟ್ಟಿಲುಗಳಷ್ಟೆ ಇರುತ್ತವೆ. ವಾಸ್ತವದಲ್ಲಿ ಸೂರ್ಯಬಿಂಬ ಪಕ್ಕದ ನೀಲಿ ಆಕಾಶಕ್ಕಿಂತ ಲಕ್ಷ ಪಟ್ಟಿಗೂ ಹೆಚ್ಚು ಪ್ರಖರ. ಚಿತ್ರದಲ್ಲಾದರೋ ಸೂರ್ಯನೂ ಬಿಳಿ, ಮೋಡವೂ ಬಿಳಿ, ಸುಣ್ಣದ ಗೋಡೆಯೂ ಬಿಳಿ. ಪಾಲ್ ಡೆಬೆವೆಕ್ ಎಂಬ ಸಂಶೋಧಕ 1998ರಲ್ಲಿ ಈ ತೊಡಕನ್ನು ಬಿಡಿಸಿ ತೋರಿಸಿದರು. ನೈಜ ಸ್ಥಳದಲ್ಲಿ ಕನ್ನಡಿಯಂತೆ ಹೊಳೆಯುವ ಚೆಂಡೊಂದನ್ನು ಇಟ್ಟು, ಅದನ್ನು ಕತ್ತಲಿನಿಂದ ಅತಿ ಬೆಳಕಿನವರೆಗೆ ಬೇರೆ ಬೇರೆ ಪ್ರಮಾಣದಲ್ಲಿ ಹಲವು ಬಾರಿ ಚಿತ್ರ ತೆಗೆದು, ಎಲ್ಲವನ್ನೂ ಒಂದಾಗಿ ಬೆಸೆದರೆ ಆ ಸ್ಥಳದ ಬೆಳಕಿನ ಪೂರ್ಣ ದಾಖಲೆ ದೊರೆಯುತ್ತದೆ. ಆ ದಾಖಲೆಯಿಂದಲೇ ಗಣಕದ ವಸ್ತುವಿಗೆ ಬೆಳಕು ಕೊಟ್ಟರೆ ಅದು ಆ ಸ್ಥಳದಲ್ಲಿಯೇ ಇದ್ದಂತೆ ತೋರುತ್ತದೆ. ವೃತ್ತಿಯವರು ಇಂದು ‘ಎಚ್‌ಡಿಆರ್‌ಐ’ ಎಂದು ಕರೆಯುವ ಕಡತಗಳ ಮೂಲ ಇದೇ. ಚೆಂಡಿನ ಬದಲು ಕ್ಯಾಮೆರಾವನ್ನೇ ಸುತ್ತಲೂ ತಿರುಗಿಸಿ ತೆಗೆಯುವುದು ಈಗಿನ ರೂಢಿ.

ನಮ್ಮ ಕಟ್ಟಡಗಳ ಚಿತ್ರಗಳಿಗೆ ಒದಗಿರುವ ಸಮಸ್ಯೆಯ ಬೇರೂ ಇಲ್ಲಿಯೇ ಇದೆ. ಪಾಲಿ ಹೇವನ್‌ನಂಥ ಸಂಗ್ರಹಗಳು ಇಂಥ ಕಡತಗಳನ್ನು ಉಚಿತವಾಗಿ ಹಂಚುತ್ತವೆ. ಉಪಕಾರವೇ ಸರಿ. ಆದರೆ ಅವುಗಳಲ್ಲಿ ಅನೇಕ ಚಿತ್ರಗಳು ಯೂರೋಪು, ದಕ್ಷಿಣ ಆಫ್ರಿಕಾಗಳಲ್ಲಿ ತೆಗೆದವು. ಹೀಗಾಗಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಏಳಬೇಕಾದ ಕಟ್ಟಡದ ಗಾಜಿನಲ್ಲಿ ಜರ್ಮನಿಯ ಹುಲ್ಲುಗಾವಲಿನ ಸಂಜೆ ಹೊಳೆಯುವುದು ಅಸಾಧ್ಯವೇನಲ್ಲ. ಇನ್ನೂ ದೊಡ್ಡ ಸಮಸ್ಯೆಯೆಂದರೆ ಗುಮ್ಮಟ ಇರುವುದು ಅನಂತ ದೂರದಲ್ಲಿ. ಅದರಲ್ಲಿ ಎದುರು ರಸ್ತೆಯಿಲ್ಲ, ಎದುರು ಮನೆಯಿಲ್ಲ. ನಲವತ್ತಡಿ ರಸ್ತೆಯ ಆಚೆ ನಿಂತಿರುವ ನಾಲ್ಕಂತಸ್ತಿನ ಕಟ್ಟಡ ನಿಜವಾದ ಗಾಜಿನ ಕೆಳಭಾಗವನ್ನೆಲ್ಲ ಆವರಿಸಿಬಿಡುತ್ತದೆ. ಗುಮ್ಮಟವನ್ನಷ್ಟೇ ನೆಚ್ಚಿದ ಚಿತ್ರದಲ್ಲಿ ಮೊದಲ ಅಂತಸ್ತಿನಿಂದಲೇ ಆಕಾಶ ಆರಂಭವಾಗುತ್ತದೆ. ವಿದ್ಯುತ್ ತಂತಿ, ಟ್ರಾನ್ಸ್‌ಫಾರ್ಮರ್ ಕಂಬ ಪ್ರತಿಫಲಿಸುವ ಬ್ರೋಷರ್ ಒಂದನ್ನು ಈ ವರದಿಗಾರ ಇದುವರೆಗೆ ಕಂಡಿಲ್ಲ.

ಪ್ರಾಮಾಣಿಕವಾಗಿ ಕೆಲಸ ಮಾಡುವವರು ಅನುಸರಿಸುವ ದಾರಿ ಬೇರೆ. ನಿವೇಶನದಲ್ಲಿಯೇ ನಿಂತು ಸುತ್ತಲಿನ ಚಿತ್ರ ತೆಗೆದು ಅದನ್ನೇ ಗುಮ್ಮಟ ಮಾಡಿಕೊಳ್ಳುತ್ತಾರೆ. ಎದುರಿನ ಕಟ್ಟಡಗಳನ್ನು ಸರಳವಾದ ಪೆಟ್ಟಿಗೆಗಳಂತಾದರೂ ಅಳತೆಗೆ ಸರಿಯಾಗಿ ಕಟ್ಟಿ, ಅವುಗಳ ಮೇಲೆ ಅಲ್ಲಿನ ಛಾಯಾಚಿತ್ರಗಳನ್ನೇ ಅಂಟಿಸುತ್ತಾರೆ. ಕ್ಯಾಮೆರಾದ ಬೆನ್ನ ಹಿಂದಿರುವ ಈ ಕಟ್ಟಡಗಳು ಚಿತ್ರದಲ್ಲಿ ನೇರವಾಗಿ ಕಾಣುವುದಿಲ್ಲ. ಗಾಜಿನಲ್ಲಿ ಮಾತ್ರ ಕಾಣುತ್ತವೆ. ಒಳಾಂಗಣದ ಚಿತ್ರಕ್ಕೂ ಇದೇ ನಿಯಮ. ನಲ್ಲಿಯ ಬಾಗಿದ ಮೈ ಇಡೀ ಕೋಣೆಯನ್ನು ನುಂಗಿ ತೋರಿಸುವುದರಿಂದ, ಚೌಕಟ್ಟಿಗೆ ಬಾರದ ನಾಲ್ಕನೆಯ ಗೋಡೆಯನ್ನೂ ಕಿಟಕಿಯನ್ನೂ ಬಾಗಿಲನ್ನೂ ಕಟ್ಟಲೇಬೇಕು. ಇಲ್ಲವಾದರೆ ನಲ್ಲಿಯ ನಡುವೆ ಕಾರಣವಿಲ್ಲದ ಕಪ್ಪು ಪಟ್ಟಿಯೊಂದು ಮೂಡುತ್ತದೆ.

ಕಿರಣದ ಬೆನ್ನು ಹತ್ತಿದ ಲೆಕ್ಕ

ಗುಮ್ಮಟ ತಂತ್ರದಲ್ಲಿ ಎರಡು ಹೊಳೆಯುವ ವಸ್ತುಗಳು ಒಂದನ್ನೊಂದು ಪ್ರತಿಫಲಿಸಲಾರವು. ಈ ಕೊರತೆಯನ್ನು ನೀಗಿಸಿದವರು ಬೆಲ್ ಪ್ರಯೋಗಾಲಯದ ಟರ್ನರ್ ವಿಟೆಡ್. 1980ರಲ್ಲಿ ಅಚ್ಚಾದ ಅವರ ಪ್ರಬಂಧದ ಚಿತ್ರದಲ್ಲಿ ಚೌಕಳಿ ನೆಲದ ಮೇಲೆ ತೇಲುವ ಗಾಜಿನ ಮತ್ತು ಹೊಳಪಿನ ಗೋಲಗಳಿದ್ದವು. ಕಣ್ಣಿನಿಂದ ಹೊರಟ ಕಿರಣ ಎಲ್ಲಿ ತಾಗುತ್ತದೆ, ಅಲ್ಲಿಂದ ಎತ್ತ ಪುಟಿಯುತ್ತದೆ, ಮತ್ತೆ ಎಲ್ಲಿ ತಾಗುತ್ತದೆ ಎಂದು ಬೆನ್ನು ಹತ್ತಿ ಹೋಗುವ ವಿಧಾನ ಅವರದು. ಪತನ ಕೋನ ಪ್ರತಿಫಲನ ಕೋನಕ್ಕೆ ಸಮ ಎಂದು ಪ್ರೌಢಶಾಲೆಯಲ್ಲಿ ನಾವೆಲ್ಲ ಉರುಹೊಡೆದ ನಿಯಮವೇ ಇದಕ್ಕೆ ಆಧಾರ. ವ್ಯಾಕ್ಸ್ ಗಣಕದಲ್ಲಿ ಆ ಒಂದು ಚಿತ್ರಕ್ಕೆ 74 ನಿಮಿಷ ಹಿಡಿದಿತ್ತು.

ಸಮಯದ ಈ ದುಬಾರಿತನದಿಂದಾಗಿಯೇ ಚಲನಚಿತ್ರದವರು ದೀರ್ಘಕಾಲ ಗುಮ್ಮಟ ತಂತ್ರಕ್ಕೆ ಅಂಟಿಕೊಂಡರು. ಪಿಕ್ಸಾರ್ ಸಂಸ್ಥೆ ಕಿರಣಾನುಸರಣೆಯನ್ನು ವ್ಯಾಪಕವಾಗಿ ಬಳಸಿದ್ದು 2006ರ ‘ಕಾರ್ಸ್’ ಚಿತ್ರದಲ್ಲಿ. ಕಥೆಯ ಪಾತ್ರಗಳೆಲ್ಲ ಮಿರುಗುವ ಬಣ್ಣದ ಕಾರುಗಳಾಗಿದ್ದಾಗ, ಒಂದು ಕಾರು ಇನ್ನೊಂದರ ಮೈಮೇಲೆ ಕಾಣಲೇಬೇಕಲ್ಲ! 2018ರಲ್ಲಿ ಎನ್‌ವಿಡಿಯಾ ಕಂಪೆನಿ ಈ ಲೆಕ್ಕಕ್ಕೆಂದೇ ಪ್ರತ್ಯೇಕ ಸಲಕರಣೆಯುಳ್ಳ ‘ಆರ್‌ಟಿಎಕ್ಸ್’ ಕಾರ್ಡುಗಳನ್ನು ಮಾರುಕಟ್ಟೆಗೆ ತಂದ ಮೇಲೆ ಚಿಕ್ಕ ಕಚೇರಿಗಳಿಗೂ ಈ ವಿಧಾನ ಕೈಗೆಟುಕಿತು.

ಕಿರಣ ಎಷ್ಟು ಬಾರಿ ಪುಟಿಯಬೇಕೆಂಬುದಕ್ಕೆ ತಂತ್ರಾಂಶದಲ್ಲಿ ಮಿತಿಯೊಂದನ್ನು ಇಟ್ಟಿರುತ್ತಾರೆ. ಕ್ಷೌರದಂಗಡಿಯಲ್ಲಿ ಎದುರುಬದುರಾಗಿ ತೂಗುಹಾಕಿದ ಕನ್ನಡಿಗಳ ನಡುವೆ ಕುಳಿತವರಿಗೆ ತಮ್ಮ ತಲೆಗಳ ಸಾಲು ಕೊನೆಯಿಲ್ಲದೆ ಕಾಣುವುದುಂಟು. ಅದೇ ದೃಶ್ಯವನ್ನು ಬ್ಲೆಂಡರ್‌ನ ಸೈಕಲ್ಸ್ ಯಂತ್ರದಲ್ಲಿ ಮೊದಲೇ ಇಟ್ಟುಕೊಟ್ಟ ಮಿತಿಯಲ್ಲಿ ಬರೆಸಿದರೆ ಹೊಳಪಿನ ಪುಟಿತ ನಾಲ್ಕಕ್ಕೇ ನಿಂತು, ಅದರಾಚೆಯ ಬಿಂಬ ಕತ್ತಲಾಗುತ್ತದೆ. ಕನ್ನಡಿ, ಗಾಜು ಹೆಚ್ಚಿರುವ ಆಭರಣದಂಗಡಿಯ ವಿನ್ಯಾಸದಲ್ಲಿ ಮಿತಿಯನ್ನು ಏರಿಸದಿದ್ದರೆ ಗಾಜಿನ ಕಪಾಟುಗಳ ಮೂಲೆಗಳು ಮಸಿ ಹಿಡಿದಂತೆ ಕಾಣುವುದು ಇದಕ್ಕಾಗಿಯೇ.

ಓರೆ ನೋಟಕ್ಕೆ ಬೇರೆ ದರ

ಯಾವುದಾದರೂ ಕೆರೆಯ ಏರಿಯ ಮೇಲೆ ನಿಂತು ನೋಡಿ. ಕಾಲ ಬುಡದ ನೀರಿನಲ್ಲಿ ತಳದ ಕಲ್ಲು, ಪಾಚಿ ಕಾಣುತ್ತವೆ. ಅದೇ ನೀರು ನಡುಗೆರೆಯಲ್ಲಿ ಆಕಾಶದ ಕನ್ನಡಿಯಾಗಿರುತ್ತದೆ. ನೀರು ಒಂದೇ, ನೋಡುವ ಕೋನ ಬೇರೆ. ಯಾವ ಕೋನಕ್ಕೆ ಎಷ್ಟು ಬೆಳಕು ಪ್ರತಿಫಲಿಸುತ್ತದೆ ಎಂಬ ಸೂತ್ರವನ್ನು 19ನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಅಗಸ್ಟಿನ್ ಫ್ರೆನೆಲ್ ಕೊಟ್ಟರು. ನೇರವಾಗಿ ನೋಡಿದಾಗ ನೀರು ಪ್ರತಿಫಲಿಸುವುದು ಶೇ. 2ರಷ್ಟು ಬೆಳಕನ್ನು, ಗಾಜಿನ ಒಂದು ಮೈ ಶೇ. 4ರಷ್ಟನ್ನು. ಲಂಬದಿಂದ 60 ಡಿಗ್ರಿ ಓರೆಯಾದರೂ ಗಾಜಿನ ಪ್ರಮಾಣ ಶೇ. 10 ಮುಟ್ಟುವುದಿಲ್ಲ. ಅಲ್ಲಿಂದ ಮುಂದೆ ಏರಿಕೆ ಕಡಿದು: 80 ಡಿಗ್ರಿಗೆ ಸುಮಾರು ಶೇ. 40, ಮೇಲ್ಮೈಗೆ ಸಮಾನಾಂತರವಾಗುತ್ತ ಬಂದಂತೆ ಶೇ. 100. ಫ್ರೆನೆಲ್ ಸೂತ್ರ ಗಣಕಕ್ಕೆ ತುಸು ಭಾರವೆಂದು ಕ್ರಿಸ್ಟೋಫ್ ಶ್ಲಿಕ್ 1994ರಲ್ಲಿ ಅದರ ಹಗುರ ರೂಪವೊಂದನ್ನು ಸೂಚಿಸಿದರು. ಇಂದಿಗೂ ಬಹಳಷ್ಟು ತಂತ್ರಾಂಶಗಳ ಹೊಟ್ಟೆಯೊಳಗೆ ಕೆಲಸ ಮಾಡುತ್ತಿರುವುದು ಅದೇ.

ಹಗಲಿನಲ್ಲಿ ಎದುರು ನಿಂತು ನೋಡಿದ ಸಾದಾ ಗಾಜಿನ ಕಿಟಕಿ ಪೂರ್ತಿ ಆಕಾಶವಾಗಿ ಕಂಡರೆ ಅದಕ್ಕೆ ಕಾರಣ ಒಳಗಿನ ಕತ್ತಲು. ಗಾಜಿನ ಎರಡೂ ಮೈ ಸೇರಿ ಹಿಂತಿರುಗಿಸುವ ಶೇ. 8ರಷ್ಟು ಬೆಳಕೇ ಕತ್ತಲ ಕೋಣೆಗಿಂತ ಮೇಲಾಗುತ್ತದೆ. ಸಂಜೆ ಒಳಗೆ ದೀಪ ಹಚ್ಚಿದ ಕೂಡಲೇ ಆಟ ತಿರುಗುಮುರುಗು. ಚಿತ್ರವೊಂದರಲ್ಲಿ ನಡುಹಗಲಿನ ಬಿಸಿಲೂ ಇದ್ದು, ಸಾದಾ ಗಾಜಿನ ಮೂಲಕ ಪ್ರತಿ ಕೋಣೆಯ ಬೆಚ್ಚನೆಯ ದೀಪವೂ ಸ್ಪಷ್ಟವಾಗಿ ಕಂಡರೆ ಅಲ್ಲಿ ಎರಡು ಹೊತ್ತುಗಳನ್ನು ಬೆರೆಸಲಾಗಿದೆ ಎಂದೇ ತಿಳಿಯಬೇಕು.

ಲೋಹದ ದಾರಿ ಇನ್ನೊಂದು. ತಾಮ್ರದ ಹಂಡೆಯನ್ನೂ ಕೆಂಪು ರೆಡ್ ಆಕ್ಸೈಡ್ ನೆಲವನ್ನೂ ಒಟ್ಟಿಗೆ ಊಹಿಸಿಕೊಳ್ಳಿ. ಕಿಟಕಿಯ ಬೆಳಕು ಎರಡರ ಮೇಲೂ ಬಿದ್ದಿದೆ. ನೆಲ ಕೆಂಪಾದರೂ ಅದರ ಮೇಲೆ ಮಿನುಗುವ ಕಿಟಕಿಯ ಬಿಂಬ ಬೆಳ್ಳಗಿದೆ. ಹಂಡೆಯ ಮೇಲಿನ ಬಿಂಬವೋ ತಾಮ್ರವರ್ಣದ್ದೇ. ತಾಮ್ರವು ಕೆಂಪು ಬೆಳಕನ್ನು ಬಹುಪಾಲು ಹಿಂತಿರುಗಿಸಿ, ನೀಲಿಯಲ್ಲಿ ಹೆಚ್ಚುಕಡಿಮೆ ಅರ್ಧವನ್ನು ನುಂಗಿಕೊಳ್ಳುತ್ತದೆ. ಲೋಹಕ್ಕೆ ಪ್ರತಿಫಲನದ ಹೊರತು ಬೇರೆ ಮೈಬಣ್ಣವೇ ಇಲ್ಲ. 1970ರ ದಶಕದ ಗಣಕಚಿತ್ರಗಳಲ್ಲಿ ಯಾವ ಲೋಹ ಬರೆದರೂ ಪ್ಲಾಸ್ಟಿಕ್ ಆಟಿಕೆಯಂತೆ ಕಾಣುತ್ತಿದ್ದುದು ಈ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯದ್ದರಿಂದ. ಕಾರ್ನೆಲ್ ವಿಶ್ವವಿದ್ಯಾಲಯದ ರಾಬರ್ಟ್ ಕುಕ್ ಮತ್ತು ಕೆನೆತ್ ಟೊರೆನ್ಸ್ 1980ರ ದಶಕದ ಆರಂಭದಲ್ಲಿ ಇದನ್ನು ಸರಿಪಡಿಸಿ, ತಾಮ್ರದ ಹೂದಾನಿಯೊಂದನ್ನು ನಿಜದ ತಾಮ್ರದಂತೆಯೇ ಚಿತ್ರಿಸಿ ತೋರಿಸಿದರು.

ಇಂದಿನ ತಂತ್ರಾಂಶಗಳಲ್ಲಿ ‘ಮೆಟಾಲಿಕ್’ ಎಂಬ ಗುಂಡಿಯೊಂದು ಸೊನ್ನೆಯಿಂದ ಒಂದರವರೆಗೆ ತಿರುಗುತ್ತದೆ. ನಿಜದ ವಸ್ತು ಲೋಹ, ಇಲ್ಲವೇ ಲೋಹವಲ್ಲ. ನಡುವಿನ ಬೆಲೆಗಳಿಗೆ ತುಕ್ಕು, ಧೂಳು ಮುಚ್ಚಿದ ಅಂಚುಗಳಲ್ಲಿ ಮಾತ್ರ ಅರ್ಥವುಂಟು. ಆದರೂ ವಿಟ್ರಿಫೈಡ್ ಟೈಲ್ಸ್‌ಗೆ ಅರ್ಧ ಲೋಹದ ಗುಣ ಕೊಟ್ಟು, ನೆಲ ತಗಡಿನಂತೆ ಮಿನುಗುವ ಚಿತ್ರಗಳು ಬರುತ್ತಲೇ ಇವೆ. ಕೊಳ್ಳುವವರು ಟೈಲ್ಸ್ ಅಂಗಡಿಗೆ ಹೋಗಿ ಆ ಹೊಳಪನ್ನು ಹುಡುಕಿದರೆ ಸಿಗುವುದಾದರೂ ಹೇಗೆ?

ನುಣುಪಿನೊಳಗಿನ ಒರಟು

ಮೇಲ್ಮೈ ಎಷ್ಟು ನುಣುಪೆಂಬುದು ಬಿಂಬದ ಸ್ಪಷ್ಟತೆಯನ್ನು ನಿರ್ಧರಿಸುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಕನ್ನಡಿ ಚೂರುಗಳನ್ನು ಹರಡಿದಂತೆ ಮೇಲ್ಮೈಯನ್ನು ಭಾವಿಸುವುದು ಗಣಕದ ಪದ್ಧತಿ. ಚೂರುಗಳೆಲ್ಲ ಒಂದೇ ದಿಕ್ಕಿಗಿದ್ದರೆ ಸ್ಪಷ್ಟ ಬಿಂಬ, ಅತ್ತಿತ್ತ ವಾಲಿದ್ದರೆ ಮಸುಕು. ಹೊಯ್ಸಳರ ಬೇಲೂರಿನಲ್ಲಿ ಕಡೆದು ನುಣುಪುಗೊಳಿಸಿದ ಬಳಪದ ಕಲ್ಲಿನ ಕಂಬಗಳಿಗೂ, ಉಳಿಯ ಗುರುತು ಉಳಿದ ಹಂಪಿಯ ಒರಟು ಗ್ರಾನೈಟ್ ಕಂಬಗಳಿಗೂ ಹೊಳಪಿನಲ್ಲಿ ಇರುವ ಅಂತರ ಬಹುಮಟ್ಟಿಗೆ ಈ ಚೂರುಗಳ ವಾಲಿಕೆಯದೇ. ಡಿಸ್ನಿ ಸಂಸ್ಥೆಯ ಬ್ರೆಂಟ್ ಬರ್ಲಿ 2012ರಲ್ಲಿ ಪ್ರಕಟಿಸಿದ ಮಾದರಿ ಇಂಥ ಗುಣಗಳನ್ನೆಲ್ಲ ಕಲಾವಿದರಿಗೆ ತಿಳಿಯುವ ಕೆಲವೇ ಗುಂಡಿಗಳಿಗೆ ಇಳಿಸಿತು. 2017ರ ಬ್ಲೆಂಡರ್ 2.79 ಆವೃತ್ತಿಯಲ್ಲಿ ಸೇರಿದ ‘ಪ್ರಿನ್ಸಿಪಲ್ಡ್’ ಎಂಬ ಸಾಧನ ಅದನ್ನೇ ಆಧರಿಸಿದ್ದು. ಉಜ್ಜಿದ ಗೆರೆಗಳುಳ್ಳ ಉಕ್ಕಿಗೆ ಮಾತ್ರ ಇಷ್ಟು ಸಾಲದು. ಸ್ಟೀಲ್ ಪಾತ್ರೆಯ ತಳದಲ್ಲಿ ಬೆಳಕು ಚಕ್ರದ ಅರೆಗಳಂತೆ ಚಾಚುವುದನ್ನು ಎಲ್ಲರೂ ಕಂಡಿದ್ದಾರೆ. ಗೆರೆಯ ಉದ್ದಕ್ಕೆ ಒಂದು ಒರಟು, ಅಡ್ಡಕ್ಕೆ ಇನ್ನೊಂದು. ಇದಕ್ಕೆ ಬಳಸಬಹುದಾದ ಮಾದರಿಯನ್ನು 1992ರಲ್ಲಿ ಗ್ರೆಗ್ ವಾರ್ಡ್ ಕೊಟ್ಟರು.

ಹೊಸಬರ ಕೆಲಸವನ್ನು ಪಳಗಿದವರ ಕೆಲಸದಿಂದ ಬೇರ್ಪಡಿಸುವುದು ಒರಟಿನ ಪ್ರಮಾಣವಲ್ಲ, ಅದರ ಏರಿಳಿತ. ದಿನಬಳಕೆಯ ಯಾವ ಮೇಲ್ಮೈಯೂ ಉದ್ದಗಲಕ್ಕೆ ಒಂದೇ ಸಮ ಹೊಳೆಯುವುದಿಲ್ಲ. ಅಡುಗೆ ಕಟ್ಟೆಯ ಅಂಚು ಕೈ ಉಜ್ಜಿ ಉಜ್ಜಿ ಮಿರುಗುತ್ತದೆ, ಒಲೆಯ ಪಕ್ಕ ಎಣ್ಣೆಯ ಮಬ್ಬು ಇರುತ್ತದೆ, ಒರೆಸಿದ ನೆಲದಲ್ಲಿ ಬಟ್ಟೆ ಆಡಿದ ದಾರಿ ಉಳಿದಿರುತ್ತದೆ. ಇವನ್ನು ಕಪ್ಪು ಬಿಳುಪಿನ ಚಿತ್ರವನ್ನಾಗಿ ಮಾಡಿ ಒರಟಿನ ಗುಂಡಿಗೆ ಜೋಡಿಸಿದರೆ ಬಣ್ಣ ಬದಲಾಗುವುದಿಲ್ಲ. ಬಿಂಬ ಮಾತ್ರ ಅಲ್ಲಲ್ಲಿ ಕದಡುತ್ತದೆ. ಅಂಚುಗಳಿಗೂ ಇದೇ ಮಾತು. ಗಣಕ ಕೊಡುವ ಪೆಟ್ಟಿಗೆಯ ಅಂಚು ಗಣಿತದಷ್ಟು ಹರಿತ. ಬಡಗಿ ಮಾಡಿದ ಮೇಜಿನ ಅಂಚು, ಎಷ್ಟೇ ನೇರವಾಗಿದ್ದರೂ, ಒಂದು ಮಿಲಿಮೀಟರಿನಷ್ಟಾದರೂ ದುಂಡಗಿದ್ದು ಬೆಳಕಿನ ಎಳೆಯೊಂದನ್ನು ಹಿಡಿಯುತ್ತದೆ. ಆ ಎಳೆ ಇಲ್ಲದಿದ್ದರೆ ನೋಡುಗನಿಗೆ ಕಾರಣ ಗೊತ್ತಾಗದು, ಆದರೆ ಚಿತ್ರ ‘ಕಂಪ್ಯೂಟರಿನದು’ ಎಂದು ಮಾತ್ರ ಗೊತ್ತಾಗುತ್ತದೆ.

ಗಾಜಿನ ಮುಂಬದಿಯಲ್ಲಿ ಇದಕ್ಕಿಂತ ದೊಡ್ಡ ಪ್ರಮಾಣದ ಲೋಪವೊಂದು ಅಗತ್ಯ. ಕಟ್ಟಡಕ್ಕೆ ಕೂರಿಸಿದ ನೂರಾರು ಗಾಜುಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಸಮತಲದಲ್ಲಿ ನಿಲ್ಲುವುದಿಲ್ಲ. ಗಾಜೊಂದು ಅರ್ಧ ಡಿಗ್ರಿ ವಾಲಿದರೆ ಪ್ರತಿಫಲಿತ ಕಿರಣ ಅದರ ಇಮ್ಮಡಿ, ಅಂದರೆ ಒಂದು ಡಿಗ್ರಿ ಪಕ್ಕಕ್ಕೆ ಸರಿಯುತ್ತದೆ. ನೂರು ಮೀಟರ್ ದೂರದ ವಸ್ತುವಿನ ಬಿಂಬದಲ್ಲಿ ಅದು ಸುಮಾರು 1.75 ಮೀಟರಿನ ಜಿಗಿತ. ಎದುರಿನ ಕಟ್ಟಡದ ಬಿಂಬ ಗಾಜಿನಿಂದ ಗಾಜಿಗೆ ತುಂಡುತುಂಡಾಗಿ ಕಾಣುವುದು ಹೀಗೆ. ಅಲ್ಲದೆ, ಕುಲುಮೆಯಲ್ಲಿ ಉರುಳುಗಳ ಮೇಲೆ ಹಾಯಿಸಿ ಗಟ್ಟಿಗೊಳಿಸಿದ ಟಫನ್ಡ್ ಗಾಜಿನಲ್ಲಿ ಸಣ್ಣ ಅಲೆಗಳು ಉಳಿದು ಬಿಂಬ ಬಳುಕುತ್ತದೆ. ಆದಕಾರಣ ನುರಿತವರು ಪ್ರತಿ ಗಾಜನ್ನೂ ಬಿಡಿಬಿಡಿಯಾಗಿ ಡಿಗ್ರಿಯ ಕೆಲವೇ ಅಂಶದಷ್ಟು ಯದ್ವಾತದ್ವಾ ತಿರುಗಿಸುತ್ತಾರೆ, ಮೇಲೊಂದು ಮೆಲುವಾದ ಅಲೆಯನ್ನೂ ಸೇರಿಸುತ್ತಾರೆ. ಐದು ನಿಮಿಷದ ಕೆಲಸ. ಇದನ್ನು ಮಾಡದ ಚಿತ್ರದಲ್ಲಿ ಹದಿನೆಂಟು ಅಂತಸ್ತಿನ ಗಾಜು ಒಂದೇ ಅಖಂಡ ಹಾಳೆಯಾಗಿ ಕಾಣುತ್ತದೆ.

ಇಷ್ಟೆಲ್ಲ ಆದ ಮೇಲೂ ಕಿರಣಗಳ ಸಂಖ್ಯೆ ಸಾಲದಿದ್ದರೆ ಚಿತ್ರದಲ್ಲಿ ಮರಳು ಚೆಲ್ಲಿದಂತೆ ಚುಕ್ಕೆಗಳು ಉಳಿಯುತ್ತವೆ. ಅವನ್ನು ಒರೆಸಿ ತೆಗೆಯುವ ಸಾಧನಗಳೂ ತಂತ್ರಾಂಶಗಳಲ್ಲಿವೆ. ಅತಿಯಾಗಿ ನೆಚ್ಚಿದರೆ ಅವು ಬಿಂಬದೊಳಗಿನ ನಯವಾದ ವಿವರಗಳನ್ನೂ ಒರೆಸಿಬಿಡುತ್ತವೆ.

ಹೊಳಪು ನೆರೆಯವರಿಗೆ ಸುಟ್ಟಾಗ

ಹೊಳಪಿನ ಲೆಕ್ಕ ಬರೀ ಅಂದದ ವಿಷಯವಲ್ಲ. ಲಾಸ್ ಏಂಜಲೀಸ್ ನಗರದಲ್ಲಿ ವಾಸ್ತುಶಿಲ್ಪಿ ಫ್ರಾಂಕ್ ಗೆರಿ ವಿನ್ಯಾಸಗೊಳಿಸಿದ ವಾಲ್ಟ್ ಡಿಸ್ನಿ ಸಂಗೀತ ಸಭಾಂಗಣ 2003ರಲ್ಲಿ ತೆರೆಯಿತು. ಅದರ ಉಕ್ಕಿನ ಹೊದಿಕೆಯ ಬಹುಭಾಗ ಮಂದ ಹೊಳಪಿನದು. ಕೆಲವು ಬಾಗಿದ ಭಾಗಗಳು ಮಾತ್ರ ಕನ್ನಡಿಯಂತೆ ಪಾಲಿಶ್ ಆಗಿದ್ದವು. ಅವು ಬಿಸಿಲನ್ನು ಒಟ್ಟುಗೂಡಿಸಿ ಎದುರಿನ ಮನೆಗಳ ಮೇಲೂ ಕಾಲುದಾರಿಯ ಮೇಲೂ ಚೆಲ್ಲಿದವು. ನಿವಾಸಿಗಳು ಸೆಕೆ ತಾಳಲಾರದೆ ದೂರಿದರು. ಕೊನೆಗೆ 2005ರಲ್ಲಿ ಆ ತಗಡುಗಳನ್ನು ಉಜ್ಜಿ ಮಂಕುಗೊಳಿಸಲಾಯಿತು. ಗಣಕದ ಭಾಷೆಯಲ್ಲಿ ಹೇಳುವುದಾದರೆ, ಒರಟಿನ ಗುಂಡಿಯನ್ನು ತುಸು ಮೇಲಕ್ಕೆ ತಿರುಗಿಸಿದರು. ಆದರೆ ಕಟ್ಟಡ ಎದ್ದುನಿಂತ ಮೇಲೆ, ಕೈಯಿಂದ. ಲಂಡನ್ನಿನ 20 ಫೆನ್‌ಚರ್ಚ್ ಸ್ಟ್ರೀಟ್ ಕಟ್ಟಡದ ಒಳಬಾಗಿದ ಗಾಜಿನ ಮೈ 2013ರ ಬೇಸಿಗೆಯಲ್ಲಿ ರಸ್ತೆಬದಿ ನಿಲ್ಲಿಸಿದ್ದ ಕಾರಿನ ಭಾಗಗಳನ್ನೇ ಕರಗಿಸಿತು. ಅಲ್ಲಿ ಬಿಸಿಲು ತಡೆಯುವ ಪಟ್ಟಿಗಳನ್ನು ಆಮೇಲೆ ಅಳವಡಿಸಬೇಕಾಯಿತು.

ಬ್ರೋಷರಿನ ಚಿತ್ರ ಬರೆಯುವ ತಂತ್ರಾಂಶ ಇಂಥ ಅಪಾಯವನ್ನು ಹಿಡಿದು ಕೊಡುವುದೆಂದು ಹೇಳಲಾಗದು. ಚಿತ್ರಕಾರ ಬೆಳಕನ್ನು ಕಣ್ಣಿಗೆ ಹಿತವಾಗುವಂತೆ ಹೊಂದಿಸಿಕೊಳ್ಳುತ್ತಾನೆ, ಸೂರ್ಯನನ್ನು ತನಗೆ ಬೇಕಾದ ಕಡೆ ಇಡುತ್ತಾನೆ. ವರ್ಷದ ಯಾವ ದಿನ, ಯಾವ ಗಂಟೆಗೆ, ಯಾರ ಮನೆಯ ಮೇಲೆ ಎಷ್ಟು ಬೆಳಕು ಬೀಳುತ್ತದೆಂದು ಅಳತೆಯ ಲೆಕ್ಕದಲ್ಲಿ ಹೇಳುವ ತಂತ್ರಾಂಶಗಳು ಬೇರೆ ಇವೆ. ಮೇಲೆ ಹೇಳಿದ ಗ್ರೆಗ್ ವಾರ್ಡ್ ಅವರೇ ಅಮೆರಿಕದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದಲ್ಲಿ ರೂಪಿಸಿದ ‘ರೇಡಿಯನ್ಸ್’ ಇವುಗಳಲ್ಲಿ ಪ್ರಮುಖ. ಅದು ಉಚಿತವಾಗಿಯೇ ದೊರೆಯುತ್ತದೆ. ಮಾರಾಟದ ಚಿತ್ರಕ್ಕೆ ತಗಲುವ ಖರ್ಚಿನ ಒಂದು ಪಾಲನ್ನು ಈ ಲೆಕ್ಕಕ್ಕೂ ಮೀಸಲಿಟ್ಟರೆ ಎದುರು ಸಾಲಿನ ಮನೆಯವರು ಋಣಿಯಾಗಿರುತ್ತಾರೆ.

ಕೊಳ್ಳುವವರ ಕೈಯಲ್ಲಿ

ಗಣಕಚಿತ್ರ ಎಂದ ಮಾತ್ರಕ್ಕೆ ಮೋಸ ಎನ್ನಬೇಕಾಗಿಲ್ಲ. ಸ್ವೀಡನ್ನಿನ ಪೀಠೋಪಕರಣ ಕಂಪೆನಿ ಐಕಿಯಾ 2006ರಲ್ಲಿ ಒಂದು ಕುರ್ಚಿಯ ಗಣಕಚಿತ್ರದಿಂದ ಆರಂಭಿಸಿ, 2014ರ ಹೊತ್ತಿಗೆ ತನ್ನ ಉತ್ಪನ್ನಚಿತ್ರಗಳಲ್ಲಿ ಸುಮಾರು ಮುಕ್ಕಾಲು ಪಾಲನ್ನು ಗಣಕದಲ್ಲೇ ತಯಾರಿಸುತ್ತಿತ್ತು. ಅಲ್ಲಿ ಚಿತ್ರದ ಕುರ್ಚಿ ಅಂಗಡಿಯಲ್ಲಿಯೂ ಇರುತ್ತದೆ, ಮುಟ್ಟಿ ನೋಡಬಹುದು. ಕಟ್ಟದ ಮನೆಯನ್ನು ಹಾಗೆ ಮುಟ್ಟಿ ನೋಡುವಂತಿಲ್ಲ ಎಂಬುದೇ ವ್ಯತ್ಯಾಸ.

2016ರ ರಿಯಲ್ ಎಸ್ಟೇಟ್ ನಿಯಂತ್ರಣ ಮತ್ತು ಅಭಿವೃದ್ಧಿ ಕಾಯ್ದೆಯ 12ನೆಯ ಕಲಂ ಇಲ್ಲಿ ನೆನಪಿಡತಕ್ಕದ್ದು. ಜಾಹೀರಾತು, ವಿವರಣಾ ಪತ್ರ ಅಥವಾ ಮಾದರಿ ಮನೆಯನ್ನು ಆಧರಿಸಿ ಮುಂಗಡ ಕೊಟ್ಟವರಿಗೆ ಅದರಲ್ಲಿನ ತಪ್ಪು ಅಥವಾ ಸುಳ್ಳು ಹೇಳಿಕೆಯಿಂದ ನಷ್ಟವಾದರೆ ಬಿಲ್ಡರ್ ಪರಿಹಾರ ಕೊಡಬೇಕು. ಯೋಜನೆಯಿಂದ ಹಿಂದೆ ಸರಿಯಬಯಸಿದರೆ ಹಣವನ್ನು ಬಡ್ಡಿ ಸಮೇತ ಹಿಂತಿರುಗಿಸಬೇಕು. ಕರ್ನಾಟಕದಲ್ಲಿ ಇದರ ನಿಯಮಗಳು 2017ರಲ್ಲಿ ಜಾರಿಗೆ ಬಂದವು. ಕಾಯ್ದೆ ಬಳಸಿರುವ ಪದ ‘ಹೇಳಿಕೆ’. ಚಿತ್ರದ ಮೂಲೆಯಲ್ಲಿ ಇರುವೆಗಾತ್ರದ ಅಕ್ಷರಗಳಲ್ಲಿ ‘ಇದು ಕಲಾವಿದರ ಕಲ್ಪನೆ’ ಎಂದು ಬರೆದುಕೊಳ್ಳುವ ರೂಢಿಯೂ ಇದೆ. ಹೀಗಿರುವಾಗ ಚಿತ್ರದಲ್ಲಿ ಕಂಡ ಗಾಜು, ನೆಲ, ನಲ್ಲಿಗಳ ವಿವರವನ್ನು ಮಾರಾಟ ಕರಾರಿನ ಪಟ್ಟಿಯಲ್ಲಿ ಅಕ್ಷರಗಳಲ್ಲಿ ಬರೆಸಿಕೊಳ್ಳುವುದು ಜಾಣತನ. ಗಾಜು ಸಾದಾದೋ, ಪ್ರತಿಫಲಕ ಲೇಪದ್ದೋ? ಟೈಲ್ಸ್ ಪಾಲಿಶ್‌ನದೋ, ಮ್ಯಾಟ್‌ನದೋ? ಇವೆರಡನ್ನು ಕೇಳಿದರೇ ಮಾರಾಟ ಪ್ರತಿನಿಧಿಯ ಮುಖಭಾವದಿಂದ ಬಹಳಷ್ಟು ತಿಳಿಯುತ್ತದೆ. ಜಾಹೀರಾತಿನಲ್ಲಿ ಪ್ರಾಧಿಕಾರದ ನೋಂದಣಿ ಸಂಖ್ಯೆ ಇರಬೇಕೆಂಬುದೂ ಅದೇ ಕಾಯ್ದೆಯ ನಿಯಮ.

ಚಿತ್ರವನ್ನೇ ಪರೀಕ್ಷಿಸಬಯಸುವವರು ನಿವೇಶನಕ್ಕೆ ಹೋಗಿ ಕಟ್ಟಡಕ್ಕೆ ಬೆನ್ನು ಮಾಡಿ ನಿಲ್ಲಲಿ. ಎದುರಿಗೆ ಏನು ಕಾಣುತ್ತದೆಯೋ ಅದು ಚಿತ್ರದ ಕೆಳ ಅಂತಸ್ತಿನ ಗಾಜುಗಳಲ್ಲಿ ಇದೆಯೇ ನೋಡಲಿ. ಕಟ್ಟಡದ ಮುಖ ಉತ್ತರಕ್ಕಿದ್ದು, ಬೆಂಗಳೂರಿನ ಅಕ್ಷಾಂಶದಲ್ಲಿ ಡಿಸೆಂಬರಿನ ನಡುಹಗಲಿನ ಬಿಸಿಲು ಅದರ ಮೇಲೆ ನೇರ ಬಿದ್ದಂತೆ ಚಿತ್ರಿಸಿದ್ದರೆ, ಆ ಸೂರ್ಯ ಈ ಊರಿನವನಲ್ಲ.

ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ನಾಲ್ಕು ಸಾಲಿನ ವಿವರಣೆಯಿಂದಲೇ ಕ್ಷಣದಲ್ಲಿ ಒಳಾಂಗಣದ ಚಿತ್ರ ಕೊಡುವಂತಾದ ಮೇಲೆ ಇನ್ನೊಂದು ಪರೀಕ್ಷೆಗೆ ಬೆಲೆ ಬಂದಿದೆ. ಅವು ಕಿರಣದ ಹಾದಿಯನ್ನು ಲೆಕ್ಕ ಹಾಕುವುದಿಲ್ಲ. ಕಂಡ ಕೋಟ್ಯಂತರ ಚಿತ್ರಗಳ ಹೋಲಿಕೆಯಿಂದ ಬಿಂಬವನ್ನೂ ಊಹಿಸುತ್ತವೆ. ಹೀಗಾಗಿ ಕನ್ನಡಿಯ ಮುಂದಿನ ಹೂದಾನಿಗೂ ಕನ್ನಡಿಯೊಳಗಿನ ಹೂದಾನಿಗೂ ತಾಳೆಯಾಗದಿರುವುದುಂಟು. ಸಮತಲ ಕನ್ನಡಿಯಲ್ಲಿ ವಸ್ತುವಿನ ಪ್ರತಿ ಬಿಂದುವನ್ನೂ ಅದರ ಬಿಂಬವನ್ನೂ ಜೋಡಿಸುವ ಗೆರೆಗಳೆಲ್ಲ ವಾಸ್ತವದಲ್ಲಿ ಸಮಾನಾಂತರ. ಚಿತ್ರದ ಮೇಲೆ ಅವು ಚಾಚಿದಾಗ ಒಂದೇ ಬಿಂದುವಿನಲ್ಲಿ ಕೂಡಬೇಕು, ಇಲ್ಲವೇ ಸಮಾನಾಂತರವಾಗಿಯೇ ಉಳಿಯಬೇಕು. ತಿದ್ದಿದ ಛಾಯಾಚಿತ್ರಗಳನ್ನು ಪತ್ತೆಹಚ್ಚಲು ಜೇಮ್ಸ್ ಓಬ್ರಿಯನ್ ಮತ್ತು ಹ್ಯಾನಿ ಫರೀದ್ 2012ರಲ್ಲಿ ಪ್ರಕಟಿಸಿದ ವಿಧಾನಕ್ಕೆ ಆಧಾರವೂ ಇದೇ. ಬ್ರೋಷರಿನ ಪುಟದ ಮೇಲೆ ಒಂದು ಅಳತೆಪಟ್ಟಿ ಇಟ್ಟು ಪೆನ್ಸಿಲಿನಿಂದ ಮೂರು ಗೆರೆ ಎಳೆದರೆ ಸಾಕು: ಮೇಜಿನ ಮೂಲೆಯಿಂದ ಬಿಂಬದ ಮೂಲೆಗೆ, ದೀಪದ ತುದಿಯಿಂದ ಬಿಂಬದ ತುದಿಗೆ, ಕುರ್ಚಿಯ ಬೆನ್ನಿನಿಂದ ಬಿಂಬದ ಬೆನ್ನಿಗೆ. ಮೂರೂ ಒಂದೆಡೆ ಕೂಡದೆ ಮೂರು ದಿಕ್ಕಿಗೆ ಹೋದರೆ ಆ ಕೋಣೆಯ ಅಳತೆಗಳನ್ನು ಯಾರೂ ಕಟ್ಟಿ ನೋಡಿಲ್ಲವೆಂದೇ ಲೆಕ್ಕ.